ಸೋಮವಾರದೊಳಗೆ

ಸೋಮವಾರದೊಳಗೆ ಹೇಳಿ ಅಂದರು ಡಾಕ್ಟರು,
ಬ್ಲೌಸು ಯಾವಾಗ ಸಿಗುತ್ತೆ ಅಂತ
ನನ್ನ ಗಿರಾಕಿಗಳು ಕೇಳುವ ಹಾಗೆ.
ಅಣ್ಣನ ರಕ್ತಕ್ಕೂ ನನ್ನ ರಕ್ತಕ್ಕೂ
ಅಳತೆ ಸರಿಹೋಗಿದೆಯಂತೆ.
ಒಂಬತ್ತು ವರ್ಷ ಮಾತಿಲ್ಲದ ಎರಡು ಮೈ
ಒಳಗೊಳಗೆ ಒಂದೇ ಥಾನಿನ ಬಟ್ಟೆ.

ಒಪ್ಪಿಗೆ ಪತ್ರ ಮಿಷನ್ನಿನ ಡ್ರಾಯರಿನಲ್ಲಿದೆ,
ಬಾಬಿನ್ನು, ಸೀಮೆಸುಣ್ಣ, ಮುರಿದ ಸೂಜಿಗಳ ಜೊತೆ.
ಲೂರ್ದು ಮೇರಿ, ನಲವತ್ತಾರು, ಸಂಬಂಧ: ತಂಗಿ.
ಆ ಪದ ಟೈಪು ಮಾಡಿದ್ದು ಯಾರೋ ಗುಮಾಸ್ತ,
ಇನ್ನಾಸಣ್ಣ ಅಲ್ಲ.

ದೇವರೇ,
ಅವನು ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡ ದಿನ ನಿನಗೂ ನೆನಪಿರಬೇಕು.
ಬಾಣಸವಾಡಿಯ ಎರಡು ಕೋಣೆ, ಒಂದು ಸೀಬೆ ಮರ.
ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ
ಅವಳ ಬೆರಳಿನ ನೀಲಿ ಪೂರ್ತಿ ಹೋಗಿರಲಿಲ್ಲ.
ಎಂಜಲು ಹಚ್ಚಿ ಒರೆಸಿದ್ದು ನಾನೇ.

ಯಾರನ್ನು ಕೇಳಲಿ?
ಗಂಡ, ನಿನ್ನ ಮೈ ನಿನ್ನಿಷ್ಟ, ಅಂತಾನೆ,
ಅಂದು ರಾತ್ರಿಯಿಡೀ ಮಗ್ಗುಲು ಬದಲಿಸುತ್ತಾನೆ.
ಮಗಳು ಮೊಬೈಲು ನೋಡಿ ಹೇಳುತ್ತಾಳೆ,
ಒಂದಿದ್ದರೂ ಬದುಕಬಹುದಂತಮ್ಮ.
ಜಾಲರಿಯಾಚೆಯಿಂದ ಫಾದರು, ಪ್ರಾರ್ಥಿಸಮ್ಮ, ಅಂದರು.
ಪ್ರಾರ್ಥಿಸಿ ಸಾಕಾಗಿಯೇ ಫಾದರ್, ಇಲ್ಲಿಗೆ ಬಂದದ್ದು.

ಅಮ್ಮನ ಕಪ್ಪು ರಟ್ಟಿನ ಪುಸ್ತಕ
ಕಣ್ಮುಚ್ಚಿ ತೆರೆದು ಬೆರಳಿಟ್ಟೆ.
ಸಿಕ್ಕಿದ್ದು ಗುಡಾರದ ಪರದೆಯ ಲೆಕ್ಕ:
ಉದ್ದ ಎಷ್ಟು ಮೊಳ, ಅಗಲ ಎಷ್ಟು ಮೊಳ, ಎಷ್ಟು ಕೊಂಡಿ.
ನಗು ಬಂತು.
ನನ್ನ ಕಸುಬು ಗೊತ್ತು ನಿನಗೆ, ಸರಿ.
ನಾನು ಕೇಳಿದ್ದು ಅದಲ್ಲವಲ್ಲ.

ಶುಕ್ರವಾರ ಸಂಜೆ ಶಿವಾಜಿನಗರದ ಬಸ್ ಸ್ಟಾಂಡಿನಲ್ಲಿ
ನಿನ್ನ ಜೊತೆ ಪಣ ಕಟ್ಟಿದೆ.
ಹೆಣ್ಣೂರಿನ ಬಸ್ಸು ಮೊದಲು ಬಂದರೆ ಹೂಂ,
ಯಲಹಂಕದ್ದು ಬಂದರೆ ಉಹೂಂ.
ಇಪ್ಪತ್ತು ನಿಮಿಷ ಕಾಯಿಸಿ
ನೀನು ಕಳಿಸಿದ ಬಸ್ಸಿನ ಹಣೆಯ ಮೇಲೆ: ಡಿಪೋಗೆ.
ಒಳಗೆ ದೀಪವಿಲ್ಲ. ಕಂಡಕ್ಟರೊಬ್ಬ
ಮೊಬೈಲಿನ ಬೆಳಕಲ್ಲಿ ಚಿಲ್ಲರೆ ಎಣಿಸುತ್ತಿದ್ದ.

ಸಿಟ್ಟಿನಲ್ಲೇ ಬಸಿಲಿಕದೊಳಗೆ ನಡೆದೆ.
ಮೇಣದಬತ್ತಿ ಹಚ್ಚಲಿಲ್ಲ, ಮೊಣಕಾಲೂರಲಿಲ್ಲ,
ಸೀರೆ ಉಟ್ಟ ಮಾತೆಯ ಮುಂದೆ ಸುಮ್ಮನೆ ನಿಂತೆ.
ಅಂಚಿನ ಫಾಲು ಒಂದು ಗೇಣು ಬಿಚ್ಚಿ ಜೋಲುತ್ತಿತ್ತು.
ಸೂಜಿಗಾಗಿ ಕೈ ತಾನೇ ಚೀಲ ತಡಕಿತು,
ಯಾರನ್ನೂ ಕೇಳದೆ.

ಶನಿವಾರ, ಗುಡಿಯ ಗಂಟೆಗೂ ಮುಂಚೆ ಎಚ್ಚರ.
ದನಿಯಿಲ್ಲ, ಬೆಳಕಿಲ್ಲ, ಒಂದು ಕನಸೂ ಇಲ್ಲ.
ಇವತ್ತು ಅವನಿಗೆ ಡಯಾಲಿಸಿಸ್ ಅನ್ನುವುದು ನೆನಪಾಯಿತು.
ಹೊರಗಿನ ಊಟ ಚಿಕ್ಕಂದಿನಿಂದಲೂ
ಅವನಿಗೆ ಸೇರುವುದಿಲ್ಲ ಅನ್ನುವುದೂ.
ಅದು ನೀನೋ, ಬರೀ ನೆನಪೋ, ವಿಚಾರಿಸಲು ಹೋಗಲಿಲ್ಲ.
ಹೀರೇಕಾಯಿ ಹೆರೆದೆ.
ಒಂದೇ ಮಡಕೆಯ ಉಪ್ಪು ತಿಂದು ಬೆಳೆದವರು ನಾವು,
ಈಗ ಅವನಿಗೆ ಉಪ್ಪು ಕೂಡದು.
ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ಮುಚ್ಚಿದೆ.

ನಾಲ್ಕನೇ ಮಹಡಿ, ಕಿಟಕಿಯ ಪಕ್ಕದ ಮಂಚ.
ಅವನ ರಕ್ತ ಕೆಂಪು ನೂಲಿನ ಹಾಗೆ
ಯಂತ್ರಕ್ಕೆ ಹೋಗಿ ಸುತ್ತಿಕೊಂಡು ಬರುತ್ತಿತ್ತು.
ಪಾದ ಊದಿ ಚಪ್ಪಲಿಗೆ ಹಿಡಿಸದಂತಿದ್ದವು.
ಕಣ್ಣು ತೆರೆದ. ನನ್ನ ನೋಡಿ ಮತ್ತೆ ಮುಚ್ಚಿದ.
ಕ್ಷಮೆ ಅವನು ಕೇಳಲಿಲ್ಲ,
ಡಬ್ಬಿಯಲ್ಲಿ ನಾನೂ ಅದನ್ನು ತಂದಿರಲಿಲ್ಲ.
ಚಮಚ ಹಿಡಿದೆ. ಬಾಯಿ ತೆರೆದ. ನುಂಗಿದ.

"ಉಪ್ಪೇ ಇಲ್ವಲ್ಲೇ ಲೂರ್ದು."

"ತಿನ್ನೋ ಸುಮ್ನೆ," ಅಂದೆ.
ಗಂಟಲು ಕಟ್ಟಿದ್ದು ಅವನಿಗೆ ತಿಳಿಯದಿರಲಿ ಅಂತ
ನರ್ಸಿನ ಕಡೆ ತಿರುಗಿ ಟೈಮು ಕೇಳಿದೆ.

ಪತ್ರ ಈಗ ಡ್ರಾಯರಿನಿಂದ ಚೀಲಕ್ಕೆ ಬಂದಿದೆ,
ಅಷ್ಟೇ ದೂರ.
ಸಾರು ಸೋರಿ ಒಂದು ಮೂಲೆ ಹಳದಿಯಾಗಿದೆ.
ನಡುವೆ ಇನ್ನೂ ಒಂದು ಭಾನುವಾರ ಇದೆ.
ನಾಳೆ ಬಲಿಪೂಜೆಯಲ್ಲಿ ಮತ್ತೆ ಕೇಳುತ್ತೇನೆ,
ನೀನು ಮತ್ತೆ ಪರದೆಯ ಅಳತೆ ಹೇಳಿದರೂ ಸರಿ,
ಟೇಪು ಕೊರಳಲ್ಲೇ ಇದೆ.